ಕಸ್ತೂರಿರಂಗನ ಎರಡನೆಯ ಹುಟ್ಟು

ಮಳವಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕಸ್ತೂರಿರಂಗ ಎಪ್ಪತ್ತಮೂರನೆಯ ಇಸವಿಯಲ್ಲಿ ಒಂದು ಸಲ ಸತ್ತ. ಸತ್ತದ್ದು ಒಂದು ಭಾನುವಾರ ಸಾಯಂಕಾಲ, ಶಾಲೆಯ ಹಜಾರದಲ್ಲಿ, ಮುನ್ನೂರು ಜನರ ಕಣ್ಣೆದುರಿಗೆ, ಕೊಡಲಿ ಏಟಿಗೆ. ಕೊಡಲಿ ಮರದ್ದು. ಏಟು ಹಾಕಿದವನು ಲಾರಿ ಮೆಕ್ಯಾನಿಕ್ಕು ಮೆಹಬೂಬ್ ಪಾಷಾ. ನಾಟಕದ ಹೆಸರು ‘ಕೊಡಲಿ ಮಹಲು’. ಅದನ್ನು ಬರೆದವನು, ಆಡಿಸಿದವನು, ಜಮೀನ್ದಾರನ ಪಾತ್ರ ಹಾಕಿ ಕೊನೆಗೆ ಸತ್ತವನು, ಎಲ್ಲ ಕಸ್ತೂರಿರಂಗನೇ. ನಾನು ಅವನ ಎದುರು ಮನೆಯವನು. ಪರದೆ ಪಕ್ಕದಲ್ಲಿ ಪುಸ್ತಕ ಹಿಡಿದು ನಿಂತು, ಮರೆತವರಿಗೆ ಮಾತು ಎತ್ತಿಕೊಡುವುದು ನನ್ನ ಕೆಲಸ.

ಕಸ್ತೂರಿರಂಗನ ನಡಿಗೆಯನ್ನು ನೀವು ನೋಡಬೇಕಿತ್ತು. ಕಚೇರಿಗೆ ಹೋಗುವಾಗ ಕಂಕುಳಲ್ಲಿ ಒಂದೇ ಒಂದು ಫೈಲು ಇರುತ್ತಿತ್ತು, ಆದರೆ ಇಡೀ ತಾಲ್ಲೂಕನ್ನು ಎತ್ತಿಕೊಂಡು ಹೊರಟವನ ಹಾಗೆ ಹೆಜ್ಜೆ ಇಡುತ್ತಿದ್ದ. ತಾನೊಂದು ದಿನ ರಜ ಹಾಕಿದರೆ ಪಹಣಿಗಳೆಲ್ಲ ಅನಾಥವಾಗುತ್ತವೆ ಎಂದು ನಂಬಿದ್ದ. ರಜ ಹಾಕಿದ ದಿನಗಳಲ್ಲಿ ಅವು ಸುಖವಾಗಿಯೇ ಇರುತ್ತಿದ್ದವು. ಅದನ್ನು ಅವನಿಗೆ ಹೇಳುವಷ್ಟು ಕೆಟ್ಟವರು ಯಾರೂ ಆ ಕಚೇರಿಯಲ್ಲಿ ಇರಲಿಲ್ಲ.

ಹೆಂಡತಿ ರಂಗನಾಯಕಿ. ಹದಿನಾಲ್ಕಕ್ಕೆ ಅವನ ಕೈಹಿಡಿದವಳು. ಮಾತು ಕಡಿಮೆ. ಅವರಿಗೆ ಅಲಮೇಲು ಅಂತ ಒಬ್ಬಳೇ ಮಗಳು ಇದ್ದಳಂತೆ. ಅರವತ್ತೇಳರಲ್ಲಿ, ಏಳು ವರ್ಷದವಳಿದ್ದಾಗ, ಮೆದುಳು ಜ್ವರದಲ್ಲಿ ಹೋದಳಂತೆ. ನಾನು ಮದ್ದೂರಿನಿಂದ ಈ ಬೀದಿಗೆ ಬಂದದ್ದು ಎಪ್ಪತ್ತರಲ್ಲಿ, ಹಾಗಾಗಿ ಕೇಳಿದ್ದಷ್ಟೇ. ಆ ದಿನ ಕಸ್ತೂರಿರಂಗ ಒಂದು ತೊಟ್ಟು ಕಣ್ಣೀರು ಹಾಕಲಿಲ್ಲ, ಬಂದವರಿಗೆಲ್ಲ ವಾಪಸ್ಸು ಹೋಗುವ ಬಸ್ಸಿನ ವೇಳೆ ಹೇಳುತ್ತ ಓಡಾಡಿದ ಎಂದು ಬೀದಿಯವರು ಹೇಳುತ್ತಿದ್ದರು. ಆ ಮನೆಯೊಳಗೆ ಮಗುವಿನ ಹೆಸರು ಎತ್ತಿದ್ದನ್ನು ನಾನು ಕೇಳಿಲ್ಲ.

ಈಗ ನಾಟಕಕ್ಕೆ ಬರೋಣ. ಮಹಲಿಗೆ ಒಬ್ಬ ಕೊಲೆಗಾರ ನುಗ್ಗಿ ಒಬ್ಬೊಬ್ಬರನ್ನೇ ಕಡಿಯುತ್ತಾನೆ, ಕಥೆ ಅಷ್ಟೇ. ಪಾಷಾ ಆರಡಿ ಆಳು, ಅದಕ್ಕೆ ಅವನೇ ಕೊಲೆಗಾರ. ಆದರೆ ಗ್ಯಾರೇಜಿನಲ್ಲಿ ಬೆಕ್ಕು ಮರಿ ಹಾಕಿತೆಂದು ಎರಡು ದಿನ ಬಾಗಿಲು ಮುಚ್ಚಿದ್ದ ಮನುಷ್ಯ ಅವನು. ಪ್ರತಿಯೊಂದು ಕೊಲೆಗೆ ಮುಂಚೆ “ಮಾಫ್ ಮಾಡಿ ಸ್ವಾಮಿ” ಅನ್ನುತ್ತಿದ್ದ. ಮೆಲ್ಲಗೆ ಅಂದೆನೆಂದು ಅವನ ಭಾವನೆ. ಹಿಂದಿನ ಬೆಂಚಿಗೂ ಕೇಳುತ್ತಿತ್ತು. ರಕ್ತಕ್ಕೆ ಬೆಲ್ಲದ ಪಾಕದಲ್ಲಿ ಕುಂಕುಮ ಕಲಸಿದ್ದೆವು. ನಮ್ಮ ಜಿಲ್ಲೆಯಲ್ಲಿ ಬೆಲ್ಲಕ್ಕೇನು ಬರ? ಇರುವೆಗಳಿಗೂ ಬರ ಇರಲಿಲ್ಲ. ಮೂರನೆಯ ಹೆಣ ತೊಡೆ ಕೆರೆದುಕೊಂಡಿತು. ಐದನೆಯದು ಎದ್ದು ನಿಂತು, ಪಂಚೆ ಕೊಡವಿಕೊಂಡು, ಮತ್ತೆ ಅದೇ ಜಾಗದಲ್ಲಿ ಮಲಗಿತು. ನಡುವೆ ಕರೆಂಟು ಹೋಯಿತು. ಶಿವನಸಮುದ್ರದಲ್ಲಿ ಹುಟ್ಟುವ ಕರೆಂಟು ನಮ್ಮ ತಲೆಯ ಮೇಲೆಯೇ ಹಾದು ಎಲ್ಲೆಲ್ಲಿಗೋ ಹೋಗುತ್ತದೆ, ಇಳಿದು ಮಾತಾಡಿಸುವ ಅಭ್ಯಾಸ ಇಲ್ಲ. ಅದು ಮತ್ತೆ ಬಂದಾಗ ಸತ್ತವರಲ್ಲಿ ಇಬ್ಬರು ಬೀಡಿ ಹಚ್ಚಿದ್ದರು.

ಕೊನೆಗೆ ಜಮೀನ್ದಾರ ಸತ್ತ. ಉಳಿದವರಿಗೆ ಸಾಯಲು ಒಂದು ನಿಮಿಷವೂ ಕೊಡದ ಕಸ್ತೂರಿರಂಗ ತನಗೆ ಒಂಬತ್ತು ನಿಮಿಷ ಬರೆದುಕೊಂಡಿದ್ದ. ಆಮೇಲೆ ಜಮೀನ್ದಾರನ ಹೆಂಡತಿ ಬಂದು ಅಳಬೇಕು. ಹೆಂಡತಿಯ ಪಾತ್ರ ಪೋಸ್ಟ್‌ಮ್ಯಾನ್ ಶಿವಣ್ಣನದು. ಅವನಿಗೆ ಈ ಅಳುವೊಂದನ್ನೇ ಕಸ್ತೂರಿರಂಗ ಹತ್ತು ದಿನ ಕಲಿಸಿದ್ದ.

“ಎಡಗೈಲಿ ಲೋಟ ಇದ್ದ ಹಾಗೆ ಹಿಡ್ಕೋ. ಬಲಗೈಲಿ ನೆಲ ಬಡಿ, ಮೂರು ಸಲ. ಉಸಿರು ಒಳಕ್ಕೆ ಎಳ್ಕೋ. ಈಗ ಹೇಳು: ಕಣ್ಣು ಬಿಡು, ಹಾಲು ಆರಿಹೋಗ್ತಿದೆ.”

“ಅಲ್ಲ ಅಯ್ನೋರೆ,” ಅಂದ ಶಿವಣ್ಣ, “ತಲೇಲಿ ಕೊಡ್ಲಿ ನೆಟ್ಕಂಡು ಬಿದ್ದವ್ನೆ. ಅವ್ನಿಗ್ಯಾಕೆ ಆಲು?”

“ನಾನು ಹೇಳಿದ ಹಾಗೆ ಮಾಡು. ಇದಕ್ಕೆ ಸಹಜಾಭಿನಯ ಅಂತಾರೆ.”

“ನಮ್ಮಟ್ಟೀಲಿ ಇಂಗೆ ಯಾರೂ ಅಳಾಕಿಲ್ಲ ಬುಡಿ.”

“ಅದಕ್ಕೇ ನಿನಗೆ ಕಲಿಸ್ತಿರೋದು.”

ಆ ದಿನ ಶಿವಣ್ಣ ತಪ್ಪಿಲ್ಲದೆ ಮಾಡಿದ. ಹಸಿರು ಸೀರೆ, ಎರಡು ದಿನದ ಗಡ್ಡ, ಗಾಳಿಯಲ್ಲಿ ಲೋಟ. ನೆಲ ಬಡಿದ, ಉಸಿರೆಳೆದ, ಕೊಡಲಿ ನೆಟ್ಟ ತಲೆಗೆ ಹಾಲು ಆರಿಹೋಗುವ ಸುದ್ದಿ ಹೇಳಿದ. ಹಜಾರ ಒಂದೇ ಸಮ ನಗಲು ಶುರು ಮಾಡಿತು. ಬೆಂಚಿನಿಂದ ಕೆಳಕ್ಕೆ ಬಿದ್ದು ನಕ್ಕವರಿದ್ದಾರೆ. ನಾನು ನಕ್ಕ ರಭಸಕ್ಕೆ ಪುಸ್ತಕದ ಪುಟ ತಪ್ಪಿಹೋಯಿತು. ಬಿದ್ದಿದ್ದ ಕಸ್ತೂರಿರಂಗನ ಹೊಟ್ಟೆಯೂ ಅಲುಗಾಡುತ್ತಿತ್ತು. ಇರುವೆ ಇರಬೇಕು ಅಂದುಕೊಂಡೆ.

ಮರುದಿನದಿಂದ ಅದು ಊರಿನ ಮಾತಾಯಿತು. ಬಸ್ಸಿನಲ್ಲಿ ನಿದ್ದೆ ಮಾಡುವವನನ್ನು ಕಂಡಕ್ಟರು ತಟ್ಟಿ ಎಬ್ಬಿಸಿ “ಕಣ್ಬುಡಯ್ಯ, ಆಲು ಆರೋಯ್ತದೆ” ಅನ್ನುತ್ತಿದ್ದ. ಹಾಲು ಹಾಕುವ ದೇವಿರಮ್ಮ ಪ್ರತಿ ಬಾಗಿಲಲ್ಲೂ ಅದನ್ನೇ ಕೂಗಿ ನಗುತ್ತಿದ್ದಳು. ರಂಗನಾಯಕಿಯ ಬಾಗಿಲಲ್ಲೂ ಕೂಗುತ್ತಿದ್ದಳು. ಆಕೆ ಪಾತ್ರೆ ಹಿಡಿಯುತ್ತಿದ್ದಳು, ಹಾಲು ಹಾಕಿಸಿಕೊಳ್ಳುತ್ತಿದ್ದಳು, ಒಳಗೆ ಹೋಗುತ್ತಿದ್ದಳು. ಒಂದು ವರ್ಷ, ದಿನಾ ಬೆಳಿಗ್ಗೆ.

“ಜನ ಹೆದರಿಬಿಟ್ಟರು ಕಣಯ್ಯ,” ಅಂತ ಕಸ್ತೂರಿರಂಗ ನನಗೆ ವಿವರಿಸಿದ್ದ. “ಹೆದರಿಕೆ ತಾಳಲಾರದೆ ನಕ್ಕರು. ಭಯಾನಕ ರಸದ ಲಕ್ಷಣವೇ ಅದು.”

ಹೆದರಿದ ಜನ ಇನ್ನೊಂದು ಸಲ ಹೆದರಲು ತಾವೇ ಮುಂದೆ ಬಂದದ್ದರಿಂದ ಎಪ್ಪತ್ತನಾಲ್ಕರಲ್ಲಿ ಎರಡನೆಯ ಭಾಗ ಬರೆದ. ಹೆಸರು ‘ಮತ್ತೆ ಕೊಡಲಿ ಮಹಲು’. ಮೊದಲನೆಯದರಲ್ಲಿ ಕೊಲೆಗಾರ, ಹೆಂಡತಿ, ಪುರೋಹಿತ ಬಿಟ್ಟು ಎಲ್ಲರೂ ಸತ್ತಿದ್ದರಿಂದ ಎರಡನೆಯದಕ್ಕೆ ಯಾರೂ ಉಳಿದಿರಲಿಲ್ಲ. ಕಸ್ತೂರಿರಂಗ ಸತ್ತವರನ್ನೆಲ್ಲ ದೆವ್ವವಾಗಿ ಎಬ್ಬಿಸಿದ. ಜಮೀನ್ದಾರನ ದೆವ್ವ ಕೊಲೆಗಾರನ ಕೈಯಿಂದ ಕೊಡಲಿ ಕಿತ್ತುಕೊಂಡು ಮೂರು ಅಂಕ ಕಡಿಯುತ್ತದೆ. ಜನ ಕೇಳುತ್ತಾರೆಂದು ಶಿವಣ್ಣನ ಅಳುವೂ ಇತ್ತು, ಈ ಸಲ ಎರಡು ಕಡೆ.

ನಾಟಕಕ್ಕೆ ತಿಂಗಳಿದೆ ಅನ್ನುವಾಗ ಮದ್ದೂರಿನಿಂದ ಅವನ ದೊಡ್ಡಮ್ಮ ತಿರುಮಲಮ್ಮ ಬಂದರು. ಬಂದದ್ದು ನಾಟಕದ ಮರುದಿನವೇ ಬೀಳುವ ಕಸ್ತೂರಿರಂಗನ ಅಪ್ಪನ ಶ್ರಾದ್ಧಕ್ಕೆ. ಆಗ ಹೊರಬಿತ್ತು ಒಂದು ವಿಷಯ.

ಕಸ್ತೂರಿರಂಗನ ಚಿಕ್ಕಪ್ಪನ ಮಗ ರಾಮಾನುಜ ದೇವಸ್ಥಾನದ ಅರ್ಚಕ. ಹೋದ ವರ್ಷದ ನಾಟಕದಲ್ಲಿ ಜಮೀನ್ದಾರನ ಸಂಸ್ಕಾರ ಮಾಡಿಸುವ ಪುರೋಹಿತನ ಪಾತ್ರಕ್ಕೆ ಅವನನ್ನೇ ಹಾಕಿದ್ದೆವು. ಅವನಿಗೆ ಬರುತ್ತಿದ್ದದ್ದು ನಿಜವಾದ ಮಂತ್ರ. ನಾಟಕದ ಮಂತ್ರ ಅಂತ ಬೇರೆ ಇರುತ್ತದೆ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ಸತ್ತವನ ಗೋತ್ರ, ಹೆಸರು ಹೇಳುವ ಜಾಗ ಬಂದಾಗ ನಾನು ಪಕ್ಕದಿಂದ ‘ಭುಜಂಗರಾಯ, ಭುಜಂಗರಾಯ’ ಎಂದು ಪಾತ್ರದ ಹೆಸರು ಎತ್ತಿಕೊಟ್ಟೆ. ಅವನ ನಾಲಿಗೆ ಮನೆಯ ಅಭ್ಯಾಸದಂತೆ ಭಾರದ್ವಾಜ ಗೋತ್ರದ ಕಸ್ತೂರಿರಂಗನನ್ನೇ ಪ್ರೇತ ಅಂದಿತು. ಎಳ್ಳುನೀರು ಕೂಡ ಬಿಟ್ಟ. ಎಳ್ಳು ಅಂಗಡಿಯ ಎಳ್ಳೇ.

“ಅಂದರೆ ಇವನು ಸತ್ತಿದ್ದಾನೆ,” ಅಂದರು ತಿರುಮಲಮ್ಮ, ಎದುರಿಗೆ ಕಾಫಿ ಕುಡಿಯುತ್ತಿದ್ದ ಕಸ್ತೂರಿರಂಗನನ್ನು ತೋರಿಸಿ. “ಸತ್ತವನು ಅಪ್ಪನಿಗೆ ಪಿಂಡ ಹೇಗೋ ಇಡ್ತಾನೆ?”

ರಾಮಾನುಜ ತಲೆ ತಗ್ಗಿಸಿದ. “ತಪ್ಪಾಯ್ತು ದೊಡ್ಡಮ್ಮ. ಬಾಯಿಗೆ ಬಂದುಬಿಡ್ತು.”

“ಒಂದು ವರ್ಷ ಸಂಬಳ ಬೇರೆ ಎಣಿಸಿಕೊಂಡಿದ್ದಾನಲ್ಲೋ ಈ ಪ್ರೇತ.”

ದಾರಿ ಇತ್ತು. ಸತ್ತನೆಂದು ಕರ್ಮ ಮಾಡಿದ ಮೇಲೆ ಮನುಷ್ಯ ತಿರುಗಿ ಬಂದರೆ ಅವನನ್ನು ಮತ್ತೆ ಹುಟ್ಟಿಸಬೇಕು ಎಂದು ಶಾಸ್ತ್ರದಲ್ಲಿ ಇದೆಯಂತೆ. ತುಪ್ಪ ಬೆರೆಸಿದ ನೀರಿನ ಪಾತ್ರೆಯಲ್ಲಿ ಮುಷ್ಟಿ ಬಿಗಿದು, ಮಾತಿಲ್ಲದೆ, ಗರ್ಭದೊಳಗಿನ ಕೂಸಿನ ಹಾಗೆ ಕೂರಬೇಕು. ಆಮೇಲೆ ಎದ್ದು ಬಂದರೆ ಹುಟ್ಟಿದ ಹಾಗೆ. ನಾಮಕರಣ, ಉಪನಯನ, ಕೊನೆಗೆ ಅದೇ ಹೆಂಡತಿಯ ಜೊತೆ ಮತ್ತೆ ಮದುವೆ. ಮದುವೆ ಆದರೆ ಮಾತ್ರ ಅವನು ಗೃಹಸ್ಥ, ಆಗ ಮಾತ್ರ ಅಪ್ಪನಿಗೆ ಪಿಂಡ.

ಬೇರೆ ಯಾರಾದರೂ ಆಗಿದ್ದರೆ ಮುಖ ಮುಚ್ಚಿಕೊಳ್ಳುತ್ತಿದ್ದರು. ಕಸ್ತೂರಿರಂಗ ಅರಳಿದ. ಊರಿನಲ್ಲಿ ಎರಡು ಸಲ ಹುಟ್ಟಿದವರು ಬೇರೆ ಯಾರಿದ್ದಾರೆ? ನಾಟಕದ ಕರಪತ್ರದಲ್ಲೇ ಸೇರಿಸಿ ಅಚ್ಚು ಹಾಕಿಸಿದ: ಭಾನುವಾರ ಬೆಳಿಗ್ಗೆ ಹತ್ತಕ್ಕೆ ನಾಟಕಕಾರರ ಪುನರ್ವಿವಾಹ, ಸಂಜೆ ನಾಲ್ಕಕ್ಕೆ ‘ಮತ್ತೆ ಕೊಡಲಿ ಮಹಲು’, ಸರ್ವರೂ ಎರಡಕ್ಕೂ ಬರಬೇಕು.

ಅಷ್ಟು ದೊಡ್ಡ ಪಾತ್ರೆ ಯಾರ ಮನೆಯಲ್ಲೂ ಇರಲಿಲ್ಲ. ನಾಟಕಕ್ಕೆ ವಾರವಿದೆ ಅನ್ನುವಾಗ ಪಾಷಾ ಕಿರುಗಾವಲು ಕಡೆಯ ಆಲೆಮನೆಯಿಂದ ಬೆಲ್ಲ ಕಾಯಿಸುವ ಕೊಪ್ಪರಿಗೆಯನ್ನು ಲಾರಿಯಲ್ಲಿ ಹಾಕಿಕೊಂಡು ಬಂದ. ಅದನ್ನು ಹಿತ್ತಲಲ್ಲಿ ಇಳಿಸಿ, ನೀರು ತುಂಬಿ, ಒಂದು ಸೌಟು ತುಪ್ಪ ಬಿಟ್ಟರು. ಕಸ್ತೂರಿರಂಗ ಅದರೊಳಗೆ ಮಂಡಿ ಮಡಚಿ, ಮುಷ್ಟಿ ಬಿಗಿದು, ಕಣ್ಣು ಮುಚ್ಚಿ ಕೂತ. ತುಪ್ಪ ತೇಲಿ ಬಂದು ಹೊಟ್ಟೆಗೆ ಹತ್ತಿಕೊಂಡಿತು.

ಪಾಷಾ ಗೋಡೆಯಾಚೆ ನಿಂತು ನನ್ನನ್ನು ಕೇಳಿದ: “ಎಷ್ಟ್ ಹೊತ್ತು ಕುಂತಿರ್ತಾರೆ ಸ್ವಾಮಿ?”

“ಅರ್ಧ ಗಂಟೆ.”

“ಅವ್ರನ್ನ ಕೊಂದೋನು ನಾನಲ್ವಾ. ನಾನೇನಾದ್ರೂ ಮಾಡ್ಬೇಕಾ?”

“ಮುಂದಿನ ಭಾನುವಾರ ಮತ್ತೆ ಕೊಲ್ಲು. ಅಷ್ಟೇ.”

“ಈ ಕಿತ ಅವ್ರೇ ನನ್ನ ಕೊಲ್ಲೋದು,” ಅಂದ ಪಾಷಾ, ಸಮಾಧಾನದಿಂದ.

ಅರ್ಧ ಗಂಟೆ ಆದ ಮೇಲೆ ಕಸ್ತೂರಿರಂಗನನ್ನು ಇಬ್ಬರು ಹಿಡಿದು ಎಬ್ಬಿಸಿದರು. ಕಾಲು ಜೋಮು ಹಿಡಿದಿತ್ತು. ತಿರುಮಲಮ್ಮ ಅವನ ನಾಲಿಗೆಗೆ ಜೇನುತುಪ್ಪ ಸವರಿದರು. ಕಿವಿಯಲ್ಲಿ ಅವನ ಹಳೆಯ ಹೆಸರನ್ನೇ ಹೊಸದಾಗಿ ಹೇಳಿದರು. ಉಪನಯನವೂ ಅಲ್ಲೇ ಮುಗಿಯಿತು. ನಲವತ್ತಾರು ವರ್ಷದ ವಟು ಬಿಳಿ ಪಂಚೆ ಸುತ್ತಿಕೊಂಡು ಮನೆಯ ಹಜಾರದಲ್ಲಿ ಬಂದು ಕೂತ. ರಂಗನಾಯಕಿ ಮೂಲೆಯಲ್ಲಿ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ರಾಮಾನುಜ ಪಂಚಾಂಗ ಬಿಡಿಸಿದ. ಪಾಷಾ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದ, ನಾನು ಬಾಗಿಲ ಹತ್ತಿರ.

“ಭಾನುವಾರದ ಮುಹೂರ್ತ ಚೆನ್ನಾಗಿದೆ,” ಅಂದ ರಾಮಾನುಜ. “ಆದರೆ ವಿಧಿಪ್ರಕಾರ ಕನ್ಯೆಯ ಒಪ್ಪಿಗೆ ಕೇಳಬೇಕು.”

ತಿರುಮಲಮ್ಮ ನಕ್ಕರು. “ಕನ್ಯೆಯಂತೆ. ಏನೇ ರಂಗು, ಈ ಹಸುಗೂಸನ್ನ ಮದುವೆ ಆಗ್ತೀಯೇನೇ?”

“ಇಲ್ಲ.”

ಅವಳು ಅಕ್ಕಿಯಿಂದ ತಲೆ ಎತ್ತಿರಲಿಲ್ಲ. ಹಾಸ್ಯವೆಂದು ನಾವೆಲ್ಲ ನಕ್ಕೆವು. ನಕ್ಕು ಮುಗಿಸಿದೆವು. ಅವಳು ಒಂದು ಕಲ್ಲು ಆರಿಸಿ ಪಕ್ಕಕ್ಕೆ ಇಟ್ಟಳು.

“ಸಾಕು ಹುಡುಗಾಟ. ಹೂಂ ಅನ್ನು,” ಅಂದರು ತಿರುಮಲಮ್ಮ.

“ಹುಡುಗಾಟ ಅಲ್ಲ ದೊಡ್ಡಮ್ಮ. ಹದಿನಾಲ್ಕನೇ ವಯಸ್ಸಲ್ಲಿ ನನ್ನನ್ನ ಯಾರೂ ಕೇಳಲಿಲ್ಲ. ಈಗ ಕೇಳಿದ್ರಿ. ಬೇಡ ಅಂದೆ.”

ಕಸ್ತೂರಿರಂಗನಿಗೆ ಮೊದಲು ಹೊಳೆದದ್ದು ಇದು: “ಕರಪತ್ರ ಹಂಚಿ ಆಗಿದೆಯಲ್ಲೇ.” ಆಮೇಲೆ ನಮ್ಮೆಲ್ಲರ ಮುಖ ನೋಡಿದ. ಆಮೇಲೆ ಬಹಳ ಸಣ್ಣ ದನಿಯಲ್ಲಿ ಕೇಳಿದ: “ಯಾಕೆ?”

“ಅಲಮೇಲು ಹೋದ ದಿನ ನನ್ನ ಕೈಲಿ ಹಾಲಿನ ಲೋಟ ಇತ್ತು,” ಅಂದಳು ರಂಗನಾಯಕಿ. “ಆಗ ನಾನೇನಂದೆ, ಏನು ಮಾಡಿದೆ, ನನಗೇ ಗೊತ್ತಿರಲಿಲ್ಲ. ಶಿವಣ್ಣ ಸೀರೆ ಉಟ್ಕೊಂಡು ಬಂದು ತೋರಿಸಿದಾಗ ಗೊತ್ತಾಯ್ತು. ಮೂರು ಸಲ ನೆಲ ಬಡಿದಿದ್ದೆ ಅನ್ನೋದು ಕೂಡ. ನೀವು ಎಣಿಸಿದ್ರಿ.”

ಹೋದ ವರ್ಷ ನಗುತ್ತ ನನಗೆ ತಪ್ಪಿಹೋದ ಆ ಪುಟ ಯಾವುದೆಂದು ಈಗ ಗೊತ್ತಾಯಿತು.

“ಮುನ್ನೂರು ಜನ ನಕ್ಕರು. ಹೋಗಲಿ, ಅವರಿಗೆ ಗೊತ್ತಿರಲಿಲ್ಲ. ನೀವು ಸತ್ತು ಮಲಗಿದ್ರಿ, ನೀವೂ ನಗ್ತಾ ಇದ್ರಿ. ಹೊಟ್ಟೆ ಅಲ್ಲಾಡ್ತಿತ್ತು.”

“ನಗಲಿಲ್ಲ,” ಅಂದ ಕಸ್ತೂರಿರಂಗ.

“ಮತ್ತೆ?”

ಅವನು ಏನೋ ಹೇಳಲು ಹೋದ. ಆರು ವರ್ಷ ತಡೆದಿದ್ದು ಆ ದಿನ ಕೊಡಲಿ ನೆಟ್ಟ ತಲೆ ಇಟ್ಟುಕೊಂಡು, ಮಲಗಿದ್ದಲ್ಲೇ ಬಂದುಬಿಟ್ಟಿತೆಂದು ಹೇಳಬೇಕಿತ್ತೇನೋ. ಹಾಗೆ ಹೇಳುವ ಅಭ್ಯಾಸ ಇಲ್ಲದ ಬಾಯಿ. “ಅದು ನಗು ಅಲ್ಲ” ಎಂದಷ್ಟೇ ಅಂದ.

“ಇರಬಹುದು,” ಅಂದಳು. “ನನ್ನ ಹತ್ತಿರ ಬಂದು ಅಳಬಹುದಾಗಿತ್ತು.”

ಮೊರ ಎತ್ತಿಕೊಂಡು ಒಳಗೆ ಹೋದಳು. ತಿರುಮಲಮ್ಮ ಅವಳ ಹಿಂದೆಯೇ ಹೋಗಿ, ಒಂದು ಗಂಟೆ ಮಾತಾಡಿ, ಕಣ್ಣು ಒರೆಸಿಕೊಂಡು ಹೊರಗೆ ಬಂದರು. “ಅವಳನ್ನ ಯಾರೂ ಬಲವಂತ ಮಾಡಬೇಡಿ. ಶ್ರಾದ್ಧ ರಾಮಾನುಜ ಮಾಡಲಿ” ಅಂದರು. ಪಾಷಾ ಕಾಫಿ ಲೋಟವನ್ನು ತಾನೇ ತೊಳೆದಿಟ್ಟು ಹೊರಟುಹೋಗಿದ್ದ.

ಆ ವಾರ ಕಸ್ತೂರಿರಂಗ ಕಚೇರಿಗೆ ಫೈಲಿಲ್ಲದೆ ಹೋದ. ನನ್ನಲ್ಲಿಗೆ ಬಂದು ನಾಟಕದ ಪುಸ್ತಕ ಇಸಿದುಕೊಂಡು, ಶಿವಣ್ಣನ ಅಳು ಇದ್ದ ಎರಡೂ ಕಡೆ ಕೆಂಪು ಶಾಯಿಯಲ್ಲಿ ಹೊಡೆದುಹಾಕಿದ. ನಾಟಕವನ್ನೇ ನಿಲ್ಲಿಸು ಅಂದೆ. ಶಾಲೆಯ ಸೂರಿಗೆಂದು ಟಿಕೆಟ್ಟು ಮಾರಿ ಆಗಿದೆ, ಹೇಗೆ ನಿಲ್ಲಿಸಲಿ ಅಂದ. ನಾನು ಒತ್ತಾಯ ಮಾಡಲಿಲ್ಲ. ಮಾಡಬೇಕಿತ್ತು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕರಪತ್ರ ನಂಬಿದ ನಲವತ್ತು ಜನ ಮದುವೆ ಊಟಕ್ಕೆ ಬಂದರು. ತಿರುಮಲಮ್ಮ ಬಾಗಿಲಲ್ಲಿ ನಿಂತು “ಹುಡುಗನಿಗೆ ಮೈ ಸರಿಯಿಲ್ಲ” ಎಂದು ಹೇಳಿ ಒಬ್ಬೊಬ್ಬರನ್ನೇ ಕಳಿಸಿದರು. ಸಂಜೆ ನಾಲ್ಕಕ್ಕೆ ಅವರೆಲ್ಲ ಹಜಾರದಲ್ಲಿದ್ದರು. ಹೋದ ವರ್ಷಕ್ಕಿಂತ ಇನ್ನೂರು ಜನ ಹೆಚ್ಚಿಗೆ ಇದ್ದರು. ಮದ್ದೂರಿನಿಂದಲೂ ಬಂದಿದ್ದರು.

ಮೊದಲ ಅಂಕದಲ್ಲಿ ದೆವ್ವಗಳು ಎದ್ದವು. ಮುಖಕ್ಕೆಲ್ಲ ಅಕ್ಕಿಹಿಟ್ಟು. ಒಂದು ದೆವ್ವ ಸೀನಿತು, ಹಿಟ್ಟು ಮುಂದಿನ ಸಾಲಿನ ಮೇಲೆಲ್ಲ ಹಾರಿತು. ಇನ್ನೊಂದಕ್ಕೆ ಹೋದ ವರ್ಷದ ಗಾಯ ಯಾವ ಕಡೆ ಇತ್ತೆಂದು ಮರೆತುಹೋಗಿ ಎರಡೂ ಕಡೆ ರಕ್ತ ಬಳಿದುಕೊಂಡಿತ್ತು. ಪಾಷಾ ದೆವ್ವಕ್ಕೂ ‘ಮಾಫ್ ಮಾಡಿ ಸ್ವಾಮಿ’ ಅಂದ. ಜನ ಕೊಟ್ಟ ಕಾಸಿಗೆ ಮೋಸ ಇರಲಿಲ್ಲ.

ಎರಡನೆಯ ಅಂಕದಲ್ಲಿ ಜಮೀನ್ದಾರನ ದೆವ್ವ ಕೊಡಲಿ ಹಿಡಿದು ನಿಂತಿತು. ಶಿವಣ್ಣ ಹಸಿರು ಸೀರೆಯಲ್ಲಿ ಬಂದು ಎದುರಿಗೆ ಕೂತ. ಮಾತಿಲ್ಲ. ಹೊಡೆದುಹಾಕಿದ್ದರಿಂದ ಮಾತೇ ಇರಲಿಲ್ಲ. ಅವನು ಸುಮ್ಮನೆ ತಲೆ ತಗ್ಗಿಸಿ ಕೂತಿದ್ದ.

“ಯೋಳ್ಲಾ ಸಿವಣ್ಣ,” ಹಿಂದಿನಿಂದ ಒಬ್ಬ ಕೂಗಿದ.

“ಮರ್ತೋಗದೆ ಕಣ್ಲಾ ಅವ್ನಿಗೆ.”

“ನಾವೇ ಯೋಳ್ಕೊಡವಾ?”

ಐನೂರು ಜನ ನೆಲವನ್ನು ಕಾಲಿನಿಂದ ಮೂರು ಸಲ ಬಡಿದರು. ಉಸಿರು ಎಳೆದುಕೊಂಡದ್ದು ಕೂಡ ಕೇಳಿಸಿತು. ಒಂದೇ ದನಿಯಲ್ಲಿ ಅಂದರು: “ಕಣ್ಬುಡು, ಆಲು ಆರೋಯ್ತದೆ.” ಆಮೇಲೆ ನಗು.

ಕಸ್ತೂರಿರಂಗ ಕೊಡಲಿಯನ್ನು ಕೆಳಗೆ ಇಟ್ಟ. ಮುಂದಕ್ಕೆ ಬಂದು ಕೈ ಎತ್ತಿದ. “ಅದು ನಗೋ ಮಾತಲ್ಲ,” ಅಂದ. “ಅದು ನನ್ನ ಮಗಳಿಗೆ ಹೇಳಿದ್ದು.”

ಮುಖದ ತುಂಬ ಅಕ್ಕಿಹಿಟ್ಟು, ಹಣೆಯಿಂದ ಇಳಿಯುವ ಬೆಲ್ಲದ ಪಾಕ. ನಗು ಇನ್ನೂ ಏರಿತು. ದೆವ್ವಕ್ಕೆ ಮಗಳು ಎಲ್ಲಿಂದ ಬಂದಳೆಂದು ಯಾರೋ ಕೇಳಿದರು. ಅವನು ಮತ್ತೆ ಅದನ್ನೇ ಹೇಳಿದ. ಮೂರನೆಯ ಸಲ ಹೇಳುವಾಗ ದನಿ ಒಡೆದು ಅಳು ಬಂತು, ಎದೆ ಬಿರಿಯುವ ಅಳು. ಜನ ಚಪ್ಪಾಳೆ ಹೊಡೆದರು. ಶಿವಣ್ಣ ಸೀರೆಯ ಸೆರಗಿನಿಂದ ಮುಖ ಮುಚ್ಚಿಕೊಂಡ. ಪಾಷಾ ಒಳಗಿನಿಂದ ಬಂದು, ಮಗುವನ್ನು ಹಿಡಿದ ಹಾಗೆ ಕಸ್ತೂರಿರಂಗನ ಭುಜ ಹಿಡಿದು, “ಬನ್ನಿ ಸ್ವಾಮಿ, ಮನೇಗ್ ಹೋಗುವಾ” ಅಂದ. ಕೊಲೆಗಾರ ದೆವ್ವವನ್ನು ಮನೆಗೆ ಕರೆದುಕೊಂಡು ಹೋಗುವುದನ್ನು ನೋಡಿ ಹಜಾರ ಎದ್ದು ನಿಂತಿತು. ಅಂಥ ನಾಟಕ ಮಳವಳ್ಳಿಯಲ್ಲಿ ಮತ್ತೆ ಆಗಿಲ್ಲ ಎಂದು ಇವತ್ತಿಗೂ ಹೇಳುತ್ತಾರೆ.

ಇನ್ನೂ ಬಿಸಿಲಿತ್ತು. ಅಂಗಡಿ ಬೀದಿಯಲ್ಲಿ ಅವನು ಅದೇ ವೇಷದಲ್ಲಿ ನಡೆದ, ಪಾಷಾ ಒಂದು ಪಕ್ಕ, ನಾನು ಇನ್ನೊಂದು ಪಕ್ಕ. ಮನೆಯ ಜಗಲಿಯಲ್ಲಿ ಕೂತ. ರಂಗನಾಯಕಿ ಹೊರಗೆ ಬಂದು ಅವನ ಮುಖ ನೋಡಿದಳು. ಒಳಗೆ ಹೋಗಿ ಚೊಂಬಿನಲ್ಲಿ ನೀರು ತಂದು ಬಗ್ಗಿಸಿದಳು. ಅವನು ಬೊಗಸೆ ಒಡ್ಡಿ ಮುಖ ತೊಳೆದುಕೊಂಡ.

“ಆವತ್ತು ನಂಗೆ ಅಳೋಕೆ ಬರಲಿಲ್ಲ ರಂಗು,” ಅಂದ.

“ಗೊತ್ತಾಯ್ತು.”

“ಈಗ ಒಪ್ತೀಯಾ?”

ಅವಳು ಚೊಂಬು ಖಾಲಿಯಾಗುವವರೆಗೆ ನೀರು ಬಗ್ಗಿಸಿದಳು. “ಈಗಲೂ ಬೇಡ,” ಅಂದಳು. ಕೋಪದಿಂದ ಅಲ್ಲ. ಕೋಪ ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ.

ಮುಂದಿನ ವರ್ಷ ಅವನು ಕೇಳಿ ಮದ್ದೂರಿಗೆ ವರ್ಗ ಮಾಡಿಸಿಕೊಂಡ. ಅವಳು ಹೋಗಲಿಲ್ಲ, ಅವನು ಕರೆಯಲೂ ಇಲ್ಲ. ನಾಟಕ ಬಿಟ್ಟ. ಶನಿವಾರ ಮಧ್ಯಾಹ್ನದ ಬಸ್ಸಿಗೆ ಬರುತ್ತಾನೆ. ಇಪ್ಪತ್ತೆರಡು ವರ್ಷ ತನ್ನದೆಂದು ನುಗ್ಗಿದ ಮನೆಯ ಹೊಸ್ತಿಲಾಚೆ ಚಪ್ಪಲಿ ಬಿಟ್ಟು ನಿಂತು ಕೇಳುತ್ತಾನೆ:

“ಒಳಗೆ ಬರಬಹುದಾ?”

ಕೆಲವು ಶನಿವಾರ ಅವಳು “ಬನ್ನಿ” ಅನ್ನುತ್ತಾಳೆ. ಆ ದಿನ ಊಟ ಮಾಡಿ ಹೋಗುತ್ತಾನೆ. ಕೆಲವು ಶನಿವಾರ ಒಳಗಿನಿಂದ ಏನೂ ಕೇಳಿಸುವುದಿಲ್ಲ. ಆಗ ಜಗಲಿಯಲ್ಲಿ ಕೂತಿರುತ್ತಾನೆ. ನಾನು ಎದುರಿನಿಂದ “ಬಾರಯ್ಯ, ಕಾಫಿ ಕುಡಿ” ಎಂದು ಕರೆಯುತ್ತೇನೆ.

“ಇರಲಿ,” ಅನ್ನುತ್ತಾನೆ. “ಕೇಳಿದ್ದೀನಿ. ಯೋಚನೆ ಮಾಡ್ತಿದ್ದಾಳೆ.”

ಆರೂವರೆಯ ಬಸ್ಸಿನವರೆಗೆ ಹಾಗೇ ಕೂತಿರುತ್ತಾನೆ.